ಗಂಟಿಲ್ಲದ ದಾರ

ದರ್ಜಿ ಅಕ್ಕ ತನ್ನ ತಮ್ಮನ ನೀಲಿ ಅಂಗಿಯ ತುಂಡನ್ನು ಇಸ್ತ್ರಿ ಮಾಡುತ್ತಲೇ ಇದ್ದಳು. ಸುಕ್ಕು ಹೋಗಿ ಎಷ್ಟೋ ಹೊತ್ತಾಗಿತ್ತು.

“ಸಾಕು ಬಿಡೇ, ಬಟ್ಟೆಗೇ ಬೆವರು ಬಂತು,” ಎಂದು ಕನ್ನಡಕದಜ್ಜಿ ನಕ್ಕಳು.

ಊರು ಬಿಟ್ಟು ಬಂದ ಹೆಂಗಸರೆಲ್ಲ ಸೇರಿ, ತಮ್ಮ ತಮ್ಮ ಮನೆಯವರ ಹಳೆ ಬಟ್ಟೆ ಜೋಡಿಸಿ, ಗೋಡೆಯಗಲದ ಕೌದಿಯೊಂದನ್ನು ಹೊಲಿಯುತ್ತಿದ್ದರು. ನಾಳೆ ಅದು ಪ್ರದರ್ಶನಕ್ಕೆ ಹೋಗಬೇಕಿತ್ತು. ಅವರು ಮಾಡಿಕೊಂಡ ನಿಯಮ ಒಂದೇ: ಬದುಕಿರುವವರ ತುಂಡಿನಲ್ಲಿ ದಾರದ ತುದಿಯನ್ನು ಹಾಗೇ ಇಳಿಬಿಡಬೇಕು, ತೀರಿಕೊಂಡವರದ್ದಕ್ಕೆ ಗಂಟು ಹಾಕಬೇಕು. ಅಕ್ಕ ನೀಲಿ ತುಂಡನ್ನು ಹೊಲಿದು ಮುಗಿಸಿ, ತುದಿಯನ್ನು ಇಳಿಬಿಟ್ಟಳು.

ಅಜ್ಜಿ ಕನ್ನಡಕ ತೆಗೆದಳು. “ನಿನ್ನ ತಮ್ಮನ್ನ ಮಣ್ಣು ಮಾಡೋವಾಗ ನಾನೂ ಇದ್ದೆನಲ್ಲೇ, ತಾಯಿ.”

“ಊರಲ್ಲಿ ಅಮ್ಮನಿಗೆ ಗೊತ್ತಿಲ್ಲ ಅಜ್ಜಿ. ಕೆಲಸ ಜಾಸ್ತಿ, ಅವನಿಗೆ ಪುರುಸೊತ್ತಿಲ್ಲ ಅಂತ ಎರಡು ವರ್ಷದಿಂದ ಬರೀತಿದೀನಿ. ನಿಜ ಬರೆದ ಕಾಗದ ಚೀಲದಲ್ಲೇ ಇದೆ.”

“ಅವಳು ಏನಂತಾಳೆ?”

“ಚಳಿ ಅಂತ ಅವನಿಗೆ ಸ್ವೆಟರ್ ಹೆಣೀತಿದಾಳೆ. ಈಗ ತೋಳಿನ ಅಳತೆ ಕೇಳಿದಾಳೆ.”

ಅಕ್ಕ ದಾರದ ತುದಿಯನ್ನು ಬೆರಳಿಗೆ ಸುತ್ತಿ ಗಂಟು ಹಾಕಿದಳು. ಬಿಗಿಯಾಗಲಿಲ್ಲವೆಂದು ಇನ್ನೊಂದು ಹಾಕಿದಳು. ಆಮೇಲೆ ಚೀಲ ಎತ್ತಿಕೊಂಡು ಬೀದಿ ಮೂಲೆಯ ಅಂಚೆ ಡಬ್ಬಿಯವರೆಗೆ ನಡೆದಳು. ಕಾಗದ ಒಳಗೆ ಬಿದ್ದ ಸದ್ದು ಕೇಳಿದ ಮೇಲೂ ಅವಳ ಬೆರಳುಗಳು ಡಬ್ಬಿಯ ಬಾಯಲ್ಲೇ ಇದ್ದವು.