ಯಾವ ಹಕ್ಕಿ

ಹಿನ್ನೀರು ಡಾಂಬರಿನಂತೆ ಕಪ್ಪಾಗಿ ಮುಳುಗು ತಜ್ಞರು ಇಳಿಯುವುದನ್ನು ಬಿಟ್ಟ ಮೇಲೆ, ಕಾಣೆಯಾದವರನ್ನು ಹಕ್ಕಿಗಳ ಹಿಕ್ಕೆಯಲ್ಲಿ ಹುಡುಕುತ್ತಿದ್ದರು. ಹಿಕ್ಕೆಯ ಡಿಎನ್‌ಎ ನೋಡಿದರೆ ಹಕ್ಕಿ ತಿಂದದ್ದೆಲ್ಲ ತಿಳಿಯುತ್ತಿತ್ತು: ಮೀನು, ಹುಳು, ಒಮ್ಮೊಮ್ಮೆ ಮನುಷ್ಯ. ನೀರುಕಾಗೆಯ ಹಿಕ್ಕೆಯಲ್ಲಿ ಸಿಕ್ಕರೆ ಹೆಣ ನಡುನೀರಿನ ಆಳದಲ್ಲಿದೆ. ಬೆಳ್ಳಕ್ಕಿಯದರಲ್ಲಿ ಸಿಕ್ಕರೆ ದಡದ ಹತ್ತಿರ, ಮೊಣಕಾಲುದ್ದ ನೀರಿನಲ್ಲಿ. ಇದು ದಡದ ಊರಿನವರಿಗೆಲ್ಲ ಗೊತ್ತಿತ್ತು.

ದ್ಯಾಮವ್ವನ ಗಂಡ ಫಕೀರಪ್ಪ ಮೀನಿಗೆ ಹೋಗಿ ಕಾಣೆಯಾಗಿ ಒಂಬತ್ತು ದಿನವಾಗಿತ್ತು. ಪ್ರಯೋಗಾಲಯದ ಇಂದುಮತಿ ಅವಳನ್ನು ಕೂರಿಸಿ, ಮೊದಲು ನೀರು ಕೊಟ್ಟಳು.

“ಸಿಕ್ಕಾರೇನ್ರಿ ಅಕ್ಕಾರ?”

“ಸಿಕ್ಕಾರವ್ವಾ.”

ದ್ಯಾಮವ್ವ ಅಳಲಿಲ್ಲ. “ಯಾವ ಹಕ್ಕಿರೀ? ಆವತ್ತ ಸಂಜೀಕ ದಡದಾಗ ಯಾರೋ ಕೂಗಿದಂಗಾತು. ಕುಡುಕರಿರಬೇಕಂತ ನಾ ರೊಟ್ಟಿ ಬಡಕೋತ ಕುಂತೆ. ಅಂವಾ ಅಲ್ಲಲ್ರಿ?”

ಇಂದುಮತಿಯ ಮುಂದಿದ್ದ ವರದಿಯಲ್ಲಿ ಮೂರು ಕಡೆ ಬೆಳ್ಳಕ್ಕಿ ಎಂದೇ ಇತ್ತು; ಮೂರೂ ಹಿಕ್ಕೆ ಸಿಕ್ಕದ್ದು ದ್ಯಾಮವ್ವನ ಓಣಿಯ ಹಿಂದಿನ ದಡದಲ್ಲಿ. ಅವಳು ಹಾಳೆಯನ್ನು ಬೋರಲು ಹಾಕಿದಳು.

“ನೀರುಕಾಗಿ, ಯವ್ವಾ. ನಡುನೀರು. ಅಲ್ಲಿಂದ ಕೂಗಿದ್ರ ಯಾರಿಗೂ ಕೇಳಂಗಿಲ್ಲ.”

ಆಗ ದ್ಯಾಮವ್ವ ಅತ್ತಳು, ಬಹಳ ಹೊತ್ತು. ಹೋಗುವಾಗ ಕುಡಿದ ಲೋಟ ತೊಳೆದಿಟ್ಟಳು.

ಅವಳು ಗೇಟು ದಾಟಿದ ಮೇಲೆ ಇಂದುಮತಿ ದೋಣಿಯ ಮೌಲಾಸಾಬನಿಗೆ ಫೋನು ಮಾಡಿದಳು.

“ಮೌಲಾ, ಫಕೀರಪ್ಪ ತನ್ನ ಓಣಿ ಹಿಂದಿನ ಜೊಂಡಿನಾಗ ಅದಾನ. ಆಕಿ ಊರು ಮುಟ್ಟೂದ್ರಾಗ ದೋಣಿ ಒಯ್ದು ತಗೀರಿ.”

“ಅಲ್ಲೇ ಅಂದ್ರ ನಡಕೊಂಡು ಹೋಗಿ ಹೊತ್ಕೊಂಡು ಬರ್ತೀವ್ರಿ. ದೋಣಿ ಯಾಕ?”

“ದೋಣಿ ಬೇಕು. ಅದರಾಗ ಮಲಗಿಸ್ಕೊಂಡು ನಡುನೀರಿಗೆ ಹೋಗಿ ನಿಲ್ರಿ. ಆಕಿ ದಡಕ್ಕ ಬಂದ ಮ್ಯಾಲ, ಅಲ್ಲಿಂದ ತರ್ರಿ.”