ನೊಯ್ಯಲಿನ ಮಡಿಲಕ್ಕಿ

"ಆಮೇಲೆ?" ಎಂದು ಅಜ್ಜಿ ಮತ್ತೆ ಕೇಳಿ, ತುತ್ತು ಹಿಡಿದ ಪದ್ಮಾಕ್ಷಿಯ ಕೈಯನ್ನು ತಳ್ಳಿಬಿಟ್ಟಳು. ತವರಿನ ಮಣ್ಣನ್ನೇ ಮಡಿಲಕ್ಕಿಯಾಗಿ ತುಂಬಿಕೊಂಡು, ಕಾವೇರಿಯ ಜೊತೆ ಗಂಡನ ಮನೆಯಾದ ಕಡಲಿಗೆ ಹೊರಟ ತಮ್ಮೂರ ನೊಯ್ಯಲ್ ಹೊಳೆಯ ಕಥೆ ಅಜ್ಜಿಯದೇ. ಈಗ ಅವಳಿಗೆ ಮರೆವು. ಕಥೆಯ ಕೊನೆ ಕೇಳದೆ ಊಟ ಬೇಡವೆಂದು ಹಟ. ಪದ್ಮಾಕ್ಷಿಗೂ ಕೊನೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ, ಮನೆಯ ಮಗ್ಗಗಳ ಸದ್ದಡಗಿದ ಮೇಲೆ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಾ, ಹೊಳೆ ಕಡಲು ಮುಟ್ಟುವ ಮೊದಲೇ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು.

ಮದರಾಸಿನಲ್ಲಿ ಭೂವಿಜ್ಞಾನ ಓದುತ್ತಿದ್ದು, ರಜೆಗೆ ಬಂದಿದ್ದ ಅಣ್ಣ ವ್ಯಾಸರಾಯ ನಕ್ಕ. "ಕಡಲ ಅಡೀಲೂ ಕಣಿವೆ ಇದ್ಯಮ್ಮ, ಹೊಳೆ ತಂದ ಮಣ್ಣು ಅದ್ರಲ್ಲಿ ಇನ್ನೂ ಮುಂದಕ್ಕೆ ಇಳಿಯುತ್ತೆ. ವಿಲಾಯಿತಿ ಪಂಡಿತರು ಈಗೀಗ ಹೇಳ್ತಾರೆ. ಇಲ್ಲಿ ಪಾರು, ನೋಡು." ಓರೆಯಾಗಿಟ್ಟ ಬೋಗುಣಿಯ ತಿಳಿನೀರಿಗೆ ಅವನು ಅಂಚಿನಿಂದ ಮಣ್ಣುನೀರನ್ನು ಮೆಲ್ಲಗೆ ಬಿಟ್ಟ. ಅದು ಚದುರಲಿಲ್ಲ. ತಳ ಹಿಡಿದು ಒಂದೇ ಸೆಳೆತವಾಗಿ ಜಾರಿತು. ಸೆಳೆತ ಸೋತ ಕಡೆ ಮೊದಲು ಮರಳನ್ನು, ಅದರಾಚೆ ನಯವಾದ ಮಣ್ಣನ್ನು ಬೀಸಣಿಗೆಯಂತೆ ಹರಡಿ ನಿಂತಿತು.

ಕಥೆಯ ಕೊನೆ ಸಿಕ್ಕಿದಂತಾಗಿ ಪದ್ಮಾಕ್ಷಿಯ ಕಣ್ಣು ತುಂಬಿತು. "ಅಜ್ಜೀ, ಹೊಳೆ ಕಡಲಲ್ಲಿ ಕರಗೋಗಲಿಲ್ಲ. ಅಡೀಲಿರೋ ಕಣಿವೆ ಇಳ್ದು ಇಳ್ದು, ಗಂಡನ ಮನೇಲಿ ಮಡಿಲಕ್ಕಿ ಸುರಿದಳು."

ಅಜ್ಜಿ ಹುಬ್ಬು ಗಂಟಿಕ್ಕಿದಳು. "ಪೂರಾ ಸುರಿದ್ಲಾ? ಪೈತ್ಯಕ್ಕಾರಿ, ಹುಚ್ಚು ಹುಡುಗಿ! ಹೊರಡೋವಾಗ ತವರಿಗೆ ಒಂದು ಹಿಡಿ ಬಿಡ್ದೆ ಯಾವ ಹೆಣ್ಣು ಹೋಗ್ತಾಳೆ?"

ಪದ್ಮಾಕ್ಷಿ ತುತ್ತನ್ನು ಮತ್ತೆ ಅಜ್ಜಿಯ ಬಾಯ ಬಳಿ ತಂದಳು. "ಬಿಟ್ಟೇ ಹೋದ್ಲಜ್ಜಿ. ಹೊಳೆ ದಡದಾಗಿರೋ ಮರಳು ಮತ್ಯಾರದು?"

"ಹಾಂ," ಎಂದಳು ಅಜ್ಜಿ, ತಾನೇ ಹೇಳಿಕೊಟ್ಟವಳ ಗತ್ತಿನಲ್ಲಿ, ಮತ್ತು ಬಾಯಿ ತೆರೆದಳು.