ಮೋಡದ ಸಾಹೇಬರ ಸಹಿ

ವಾಡಿ ಸ್ಟೇಷನ್ನಿಗೆ ಗುಂತಕಲ್ ಕಡೆಯ ರೈಲು ಬರಲು ಇನ್ನು ಇಪ್ಪತ್ತು ನಿಮಿಷವಿತ್ತು. ಅಷ್ಟರೊಳಗೆ ಸಾಹೇಬರ ಸಹಿ ಆಗದಿದ್ದರೆ ಇನ್ನೆಂದೂ ಆಗುವಂತಿರಲಿಲ್ಲ. ಹಾರ ಹಿಡಿದು ನಿಂತ ಗುಂಪನ್ನು ಸರಿಸಿಕೊಂಡು ಜಾನಬಿ ಮುಂದೆ ಬಂದಳು.

ಸಾಹೇಬರು ಮೋಡ ಬಿತ್ತನೆಯ ಇಂಜಿನಿಯರ್. ೧೯೭೬ರ ಆ ಮಳೆಗಾಲ ಚಿತ್ತಾಪುರದಾಚೆ ಗುಡ್ಡದ ಮೇಲೆ ಯಂತ್ರ ಹೂಡಿ, ಉಪ್ಪಿನಂಥ ಮದ್ದು ಸುಟ್ಟು, ಮೋಡಕ್ಕೆ ಹೊಗೆ ಹಾಕಿದ್ದರು. ಮಳೆ ಸುರಿದಿತ್ತು. ಮಳೆ ಬೇಡಿದ್ದ ಸೇಡಂ ಕಡೆಯ ತೊಗರಿ ಬೆಳೆಗಾರರು ಅವರನ್ನು ಹೊತ್ತು ಮೆರೆಸಿದ್ದರು. ಮಳೆ ಹೆಚ್ಚು ಬಿದ್ದದ್ದು ಶಹಾಬಾದಿನಲ್ಲಿ. ಅಲ್ಲಿಯವರನ್ನು ಯಾರೂ ಕೇಳಿರಲಿಲ್ಲ. ಈಗ ಸಾಹೇಬರು ಬಡ್ತಿ ಸಿಕ್ಕು ಬೆಂಗಳೂರಿಗೆ ಹೊರಟಿದ್ದರು.

ಜಾನಬಿ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಜನರೆದುರು ಮಾತಾಡಿ ರೂಢಿಯಿರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೇ ನಿಂತಳು. ಜೊತೆಗೆ ಅವಳ ದೊಡ್ಡಪ್ಪ ಮಜೀದಸಾಬ, ಚಿತ್ತಾಪುರದಲ್ಲಿ ಅರ್ಜಿ ಬರೆದುಕೊಡುವವ. ಅವನ ಕೈಯಲ್ಲಿ ಛಾಪಾ ಕಾಗದ.

"ಶಹಾಬಾದಿನ ಮಳಿ ನೀವೇ ತಂದ್ರಿ ಅಂತ ಬರದು ಕೊಡ್ರಿ ಸಾಹೇಬ್ರ," ಎಂದಳು. "ಯಾರಿಗಿ ಕೇಳಿದ್ರೂ ದೇವ್ರ ಮಳಿ ಅಂತಾರ."

ಸಾಹೇಬರಿಗೆ ಅದು ಚುಚ್ಚಿತು. ಗುಡಿಯವರೂ ದರ್ಗಾದವರೂ ಆ ಮಳೆ ತಮ್ಮ ಹರಕೆಯದೆಂದು ಹೇಳಿಕೊಳ್ಳುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ಆದರೆ ಇದಕ್ಕೆ ಛಾಪಾ ಕಾಗದ ಯಾಕೆಂದು ಕೇಳಿದರು.

"ಸಾದಾ ಕಾಗದ ಬಾಯಿಮಾತಿದ್ದಂಗ್ರಿ," ಎಂದ ಮಜೀದಸಾಬ. "ಮಂದಿ ಒಪ್ಪಂಗಿಲ್ಲ."

ಹಾಗಾದರೆ ಮೋಡದ ಪಟ್ಟಾವನ್ನೂ ಬರೆಸಿಕೋ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕು ಪೆನ್ನು ತೆಗೆದರು. ದಿನ ಯಾವುದೆಂದು ಅವರಿಗೆ ನೆನಪಿರಲಿಲ್ಲ. ಜಾನಬಿ ಹೇಳಿದಳು: ಜುಲೈ ಹನ್ನೆರಡು, ಮಧ್ಯಾಹ್ನ ಮೂರು ಗಂಟೆ.

ಬರೆಯುತ್ತ ಸಾಹೇಬರಿಗೆ ಹೆಮ್ಮೆ ಏರಿತು, ಆ ದಿನದ ಕಥೆ ಹೇಳತೊಡಗಿದರು. ಅಂದು ಮೋಡ ಮೊದಲೇ ದಟ್ಟವಾಗಿತ್ತಂತೆ. ಹವಾಮಾನ ನೋಡುವವರು ಹೊಗೆ ಹಾಕುವುದು ಬೇಡವೆಂದರಂತೆ. ಇವರೇ ಹಟ ಹಿಡಿದು ಯಂತ್ರ ಹೊತ್ತಿಸಿದರಂತೆ.

"ಅದನ್ನೂ ಬರೀರಿ," ಎಂದಳು ಜಾನಬಿ.

ಅದನ್ನೂ ಬರೆದರು. ಅಷ್ಟರಲ್ಲಿ ರೈಲು ಬಂತು. ಹಮಾಲರು ಸಾಮಾನು ಏರಿಸಿದರು. ಸಹಿ ಹಾಕಿದ ಕಾಗದವನ್ನು ಮಜೀದಸಾಬ ಎರಡು ಸಲ ಓದಿ ತಲೆಯಾಡಿಸುವವರೆಗೂ ಜಾನಬಿ ಡಬ್ಬಿಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಪಕ್ಕಕ್ಕೆ ಸರಿ ಎಂದು ಸಾಹೇಬರ ಜವಾನ ಎರಡು ಸಲ ಗದರಿದ. ಅವಳು ಸರಿಯಲಿಲ್ಲ.

ಗಾಡಿ ಕದಲಿತು. ಸಾಹೇಬರು ಬಾಗಿಲಲ್ಲಿ ನಿಂತು, ಕೊರಳಿನ ಹಾರ ಸರಿಪಡಿಸಿಕೊಳ್ಳುತ್ತ, ಈ ಸಲ ನಿನ್ನ ಹೊಲದಲ್ಲಿ ಏನು ಬಿತ್ತಿದ್ದೀಯಮ್ಮ ಎಂದು ಕೇಳಿದರು.

"ಹೊಲ ಇಲ್ರಿ ಸಾಹೇಬ್ರ. ನಿಮ್ಮ ಮಳ್ಯಾಗ ಕಲ್ಲಿನ ಖಣಿ ತುಂಬಿ, ಕೆಳಗ ಇಳದಿದ್ದ ನನ್ನ ಗಂಡ ಮ್ಯಾಲ ಬರಲಿಲ್ಲ. ದೇವ್ರ ಮಳಿ, ಯಾರ ಮ್ಯಾಲೂ ಕೇಸ್ ಆಗಂಗಿಲ್ಲ ಅಂದಿದ್ರು, ಈಗ ಆಗ್ತದ."